ಲಾನಿಗೆ ಅಕ್ಕರೆ, ತೋಟದ ಹುಲ್ಲಿಗೆ ವಿಷ

ಜೋರು ಮಳೆ ಬಂದು ನಿಂತ ಮೇಲೆ ಲಾನಿಗೆ ಏನು ಮಾಡಬೇಕು ಅಂತ ಕೇಳೋರಿಗೆ ನನ್ನ ಉತ್ತರ ಒಂದೇ. ಮೂರು ದಿನ ಅದರ ತಂಟೆಗೆ ಹೋಗಬೇಡಿ. ಅದರ ಮೇಲೆ ಓಡಾಡಬೇಡಿ, ಮಷಿನ್ ಓಡಿಸಬೇಡಿ, ಯೂರಿಯಾ ಎರಚಬೇಡಿ. ನೀರು ನಿಂತಿದ್ದರೆ ಹೋಗೋಕೆ ದಾರಿ ಮಾಡಿ, ಅಷ್ಟೇ. ಆದರೆ ನಾನು ಜಗಳಕ್ಕೆ ಬಂದಿರೋದು ಲಾನಿನ ವಿಷಯಕ್ಕಲ್ಲ, ಲಾನ್ ಸಾಕಿಕೊಂಡಿರೋರ ವಿಷಯಕ್ಕೆ. ಅದಕ್ಕೂ ಮೊದಲು ಈ ಮೂರು ದಿನದ ಲೆಕ್ಕವನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಮುಂದಿನ ಜಗಳವೆಲ್ಲ ಅದರ ಮೇಲೇ ನಿಂತಿದೆ.

ಒಳ್ಳೇ ಮಣ್ಣು ಒಂದು ಬೊಗಸೆ ತಗೊಂಡರೆ ಅದರಲ್ಲಿ ಹೆಚ್ಚೂಕಡಿಮೆ ಅರ್ಧ ಖಾಲಿ ಜಾಗ. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಅದರೊಳಗೆ ಒಂದಿಷ್ಟು ನೀರು, ಒಂದಿಷ್ಟು ಗಾಳಿ. ಬೇರಿಗೆ ಎರಡೂ ಬೇಕು. ಮಳೆ ಜೋರಾದಾಗ ಗಾಳಿ ಇದ್ದ ಜಾಗಕ್ಕೂ ನೀರು ಹೊಕ್ಕು ಬೇರಿಗೆ ಉಸಿರು ಕಟ್ಟುತ್ತೆ. ನೀರು ಬಸಿದು ಗಾಳಿ ವಾಪಸ್ ಬರೋಕೆ ಕೆಂಪು ಮಣ್ಣಲ್ಲಿ ಒಂದೆರಡು ದಿನ ಸಾಕು, ಎರೆ ಮಣ್ಣಲ್ಲಿ ಅದಕ್ಕಿಂತ ಜಾಸ್ತಿ ಬೇಕು. ಆ ಹೊತ್ತಿನಲ್ಲಿ ಮೇಲೆ ಓಡಾಡಿದರೆ ಆ ತೂತುಗಳು ಅಮುಕಿಕೊಂಡು ಮುಚ್ಚಿ ಹೋಗ್ತವೆ. ಇಟ್ಟಿಗೆ ಮಾಡೋರು ಹಸಿ ಮಣ್ಣು ತುಳಿಯೋದು ಇದಕ್ಕೇ ಅಲ್ವಾ? ನೀವು ಲಾನಿನಲ್ಲಿ ಅದನ್ನೇ ಮಾಡ್ತಿದೀರಿ, ಇಟ್ಟಿಗೆ ಮಾತ್ರ ಬರಲ್ಲ.

ಹುಲ್ಲು ಹಳದಿ ತಿರುಗಿತು ಅಂತ ಯೂರಿಯಾ ಎರಚೋದು ಇನ್ನೊಂದು ಕೆಲಸ. ಉಸಿರು ಕಟ್ಟಿದ ಬೇರು ಗೊಬ್ಬರ ಎಳೆದುಕೊಳ್ಳಲ್ಲ. ಹಾಕಿದ್ದು ಮುಂದಿನ ಮಳೆಗೆ ಕೊಚ್ಚಿ ಹೋಗುತ್ತೆ. ಅಷ್ಟೋ ಇಷ್ಟೋ ಹಿಡಿದದ್ದು ನೀರುನೀರಾದ ಎಳೆ ಚಿಗುರು ಕೊಟ್ಟು ಶಿಲೀಂಧ್ರಕ್ಕೆ ಊಟ ಹಾಕುತ್ತೆ. ಒದ್ದೆ ಹುಲ್ಲು ಕತ್ತರಿಸಿದರೆ ಅಲಗು ಕೊಯ್ಯಲ್ಲ, ಹರಿಯುತ್ತೆ. ಹರಿದ ತುದಿಯಿಂದಲೇ ರೋಗ ಒಳಗೆ ಹೋಗೋದು. ಒಣಗಿದ ಮೇಲೆ ಕತ್ತರಿಸಿ, ಅದೂ ಒಂದೇ ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಎರೆಹುಳ ಮೇಲೆ ಬಂದಿದ್ದರೆ ಖುಷಿಪಡಿ, ಔಷಧಿ ಹೊಡೀಬೇಡಿ. ಅಣಬೆ ಎದ್ದಿದ್ದರೆ ಕಾಲಿಂದ ತಳ್ಳಿ, ಸಾಕು.

ಇಷ್ಟೆಲ್ಲ ಮಾಡಿದರೂ ನಿಮ್ಮ ಲಾನಿನಲ್ಲಿ ಪ್ರತಿ ಮಳೆಗೂ ನೀರು ನಿಲ್ಲುತ್ತೆ ಅಂದರೆ ತಪ್ಪು ಹುಲ್ಲಿನದ್ದಲ್ಲ. ಬಹಳಷ್ಟು ಅಪಾರ್ಟ್‌ಮೆಂಟುಗಳಲ್ಲಿ ಲಾನಿನ ಕೆಳಗಿರೋದು ಭೂಮಿಯಲ್ಲ, ಕಾರು ನಿಲ್ಲಿಸೋ ಬೇಸ್‌ಮೆಂಟಿನ ತಾರಸಿ. ಬಿಡಿ ಮನೆಗಳಲ್ಲಾದರೆ ಕಟ್ಟಡ ಮುಗಿದ ಮೇಲೆ ಉಳಿದ ಸಿಮೆಂಟ್ ಗಟ್ಟಿ, ಇಟ್ಟಿಗೆ ಚೂರು, ಟೈಲ್ಸ್ ತುಂಡು ಹರಡಿ, ಮೇಲೆ ನಾಲ್ಕು ಬೆರಳು ಕೆಮ್ಮಣ್ಣು ಎಳೆದು, ನರ್ಸರಿಯಿಂದ ಹಾಸು ತಂದು ಹೊದಿಸಿರ್ತಾರೆ. ಆ ಹಾಸಿನ ಹೆಸರುಗಳೇ ಒಂದು ತಮಾಷೆ. ನರ್ಸರಿಯೋರು ‘ಮೆಕ್ಸಿಕನ್ ಗ್ರಾಸ್’ ಅಂತ ಮಾರೋದು ಪೂರ್ವ ಏಷ್ಯಾ ಕಡೆಯ ಜಾಯ್ಸಿಯಾ ಜಾತಿಯ ಹುಲ್ಲು. ‘ಬರ್ಮುಡಾ ಗ್ರಾಸ್’ ಅನ್ನೋದಂತೂ ನಮ್ಮ ಗರಿಕೆ. ಗಣೇಶನ ಹಬ್ಬಕ್ಕೆ ಕಟ್ಟು ಕಟ್ಟಿ ಮಾರ್ತಾರಲ್ಲ, ಅದರ ಬಳಗವೇ. ಊರಲ್ಲಿ ಹೊಲಕ್ಕೆ ಗರಿಕೆ ಬಿತ್ತು ಅಂದರೆ ಅಪ್ಪ ತಲೆ ಮೇಲೆ ಕೈ ಹೊತ್ತು ಕೂರ್ತಾನೆ. ಮಗ ಬೆಂಗಳೂರಲ್ಲಿ ಅದನ್ನೇ ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದು, ಮಕ್ಕಳಿಗೆ “ತುಳೀಬೇಡ್ರೋ” ಅಂತ ಗದರ್ತಾನೆ.

ಜಗಳ ಈ ಅಪ್ಪ ಮಗನ ನಡುವಿನದ್ದು. ಅಥವಾ ಜಗಳ ಆಗದೇ ಇರೋದೇ ನನ್ನ ತಕರಾರು ಅನ್ನಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯಿಂದ ಬಂದು ಬೆಂಗಳೂರಲ್ಲಿ ಕೆಲಸ ಮಾಡ್ತಿರೋ ನಮ್ಮ ವಯಸ್ಸಿನೋರು ಎಷ್ಟು ಜನ ಇದೀವಿ ಅಂತ ನೋಡಬೇಕಾದರೆ ದೀಪಾವಳಿ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿಗೆ ಹೋಗಿ ನಿಂತುಕೊಳ್ಳಿ. ಇವರಲ್ಲಿ ಬಹಳ ಜನರ ಮನೇಲಿ ಒಂದೆರಡು ಎಕರೆಯಾದರೂ ಅಡಿಕೆ ತೋಟ ಇದೆ. ದಿನಾ ಬೆಳಿಗ್ಗೆ ಆಫೀಸಿಗೆ ಹೋಗೋ ದಾರೀಲಿ ಷೇರಿನ ರೇಟಿಗಿಂತ ಮುಂಚೆ ಚನ್ನಗಿರಿ ರಾಶಿ ಅಡಿಕೆ ರೇಟು ನೋಡೋರು ಇದಾರೆ. ತಪ್ಪಲ್ಲ, ಕ್ವಿಂಟಾಲಿಗೆ ಐವತ್ತು ಸಾವಿರದ ಆಸುಪಾಸು ಓಡಾಡಿದ ಮಾಲು ಅದು. ಮನೆ ಸಾಲ ತೀರೋದೂ ಅದರಿಂದಲೇ.

ಮಳೆ ಬಿಟ್ಟ ಮೇಲಿನ ಭಾನುವಾರದ ಫೋನು ಹೆಂಗಿರುತ್ತೆ ಅಂದರೆ ಹೀಗೆ.

“ಅಪ್ಪಾ, ತೋಟದಾಗೆ ಹುಲ್ಲು ಹೆಂಗೈತೆ?”

“ಮೊಣಕಾಲ್ ಮಟ ಬಂದೈತಪ್ಪ. ಆಳು ಸಿಗಾದಿಲ್ಲ. ಎಲ್ಡು ಕ್ಯಾನ್ ಔಷಧಿ ಹೊಡ್ಸಿಬಿಡಾನ ಅಂತ.”

“ಹೊಡ್ಸಿಬಿಡು. ದುಡ್ಡು ಹಾಕ್ತೀನಿ.”

ಮುಗೀತು. ಹತ್ತು ಸೆಕೆಂಡಿನ ಮಾತು. ಅದೇ ಹುಡುಗ ಸಂಜೆ ಬಾಲ್ಕನಿ ಮುಂದಿನ ಲಾನ್ ಮೇಲೆ ಎರಡು ಹಳದಿ ಕಲೆ ಕಂಡು ಅರ್ಧ ಗಂಟೆ ಹುಡುಕಾಡ್ತಾನೆ, ಇದಕ್ಕೆ ಏನು ಮದ್ದು ಅಂತ. ಹುಲ್ಲಿಗೆ ‘ಔಷಧಿ’ ಅನ್ನೋ ಆ ಮಾತನ್ನೇ ನೋಡಿ. ಸಾಯಿಸೋಕೆ ಹೊಡೆಯೋದಕ್ಕೂ ನಾವು ಔಷಧಿ ಅಂತೀವಿ.

ಆ ಎರಡು ಕ್ಯಾನ್ ಹೊಡೆದ ಮೇಲೆ ತೋಟದಲ್ಲಿ ಏನಾಗುತ್ತೆ ಅನ್ನೋದನ್ನ ಬೆಂಗಳೂರಲ್ಲಿ ಕೂತೋರು ನೋಡಲ್ಲ. ಒಂದು ವಾರಕ್ಕೆ ಹುಲ್ಲು ಕಂದು ತಿರುಗುತ್ತೆ, ಎರಡು ಮೂರು ವಾರಕ್ಕೆ ನೆಲ ಕಾಣುತ್ತೆ. ‘ತೋಟ ಏನ್ ಕ್ಲೀನ್ ಇಟ್ಟೀರಿ’ ಅಂತ ನೆಂಟರು ಹೊಗಳ್ತಾರೆ. ಗ್ಲೈಫೋಸೇಟ್ ಮೇಲಿನ ಎಲೆ ಸುಡೋ ಔಷಧಿಯಲ್ಲ. ಎಲೆಯಿಂದ ಇಳಿದು ಬೇರನ್ನೂ ಕೊಲ್ಲುತ್ತೆ. ಮಣ್ಣನ್ನ ಹಿಡಿದಿದ್ದದ್ದು ಆ ಬೇರು. ಅದು ಕೊಳೆತ ಮೇಲೆ ಮೇಲ್ಮಣ್ಣಿಗೆ ಕೈ ಹಿಡಿಯೋರು ಯಾರೂ ಇಲ್ಲ.

ಮರ ಇದೆಯಲ್ಲ, ಮಳೆ ನೇರ ಬೀಳಲ್ಲವಲ್ಲ ಅಂತೀರಾ? ದೊಡ್ಡ ಮಳೆ ಹನಿ ಗಂಟೆಗೆ 30 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ನೆಲಕ್ಕೆ ಬಡಿಯುತ್ತೆ. ನಲವತ್ತು ಐವತ್ತು ಅಡಿ ಎತ್ತರದ ಅಡಿಕೆ ಮರದ ಸೋಗೆ ಸಣ್ಣ ಹನಿಗಳನ್ನ ಸೇರಿಸಿ ದಪ್ಪ ಹನಿ ಮಾಡಿ ಬೀಳಿಸುತ್ತೆ. ಅಷ್ಟು ಎತ್ತರದಿಂದ ಇಳಿಯೋ ಹೊತ್ತಿಗೆ ಅದಕ್ಕೆ ಮತ್ತೆ ಅದೇ ವೇಗ ಬಂದಿರುತ್ತೆ. ಅಂದರೆ ಎತ್ತರದ ಮರದ ಕೆಳಗಿನ ಬೋಳು ನೆಲಕ್ಕೆ ಬಯಲಿಗಿಂತ ಕಮ್ಮಿ ಏಟೇನೂ ಬೀಳಲ್ಲ. ನೆಲದಿಂದ ಗೇಣುದ್ದ ಮೇಲಿರೋ ಹುಲ್ಲೇ ಅಲ್ಲಿ ಕೊಡೆ. ಅದು ಇಲ್ಲದಿದ್ದಾಗ ಹನಿ ಬಡಿದು ಮಣ್ಣಿನ ಕಣ ಸಿಡಿದು, ಮೊದಲು ಹೇಳಿದ ಆ ತೂತುಗಳ ಬಾಯಿ ಮುಚ್ಚುತ್ತೆ. ಮೇಲೆ ಹೆಪ್ಪು ಕಟ್ಟುತ್ತೆ, ಪಾಚಿ ಬೆಳೆಯುತ್ತೆ, ಕಾಲಿಟ್ಟರೆ ಜಾರುತ್ತೆ. ಆಮೇಲೆ ಬಂದ ನೀರು ಒಳಗಿಳಿಯಲ್ಲ, ಹರಿದು ಹೋಗುತ್ತೆ.

ಎಲ್ಲಿಗೆ ಹೋಗುತ್ತೆ? ತೋಟದಿಂದ ಕಾಲುವೆಗೆ, ಕಾಲುವೆಯಿಂದ ಹಳ್ಳಕ್ಕೆ. ಚನ್ನಗಿರಿ ಸುತ್ತಿನ ಎಷ್ಟೋ ಹಳ್ಳಗಳ ಕೊನೆ ಸೂಳೆಕೆರೆ. ಸರ್ಕಾರಿ ಬೋರ್ಡಿನಲ್ಲಿ ಶಾಂತಿಸಾಗರ. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಅಂತ ಸ್ಕೂಲಲ್ಲಿ ಹೆಮ್ಮೆಯಿಂದ ಬರೆದು ಮಾರ್ಕ್ಸ್ ತಗೊಂಡೋರು ನಾವು. ಚಿತ್ರದುರ್ಗದವರೆಗೂ ಕುಡಿಯೋ ನೀರು ಹೋಗೋದು ಅಲ್ಲಿಂದ. ಆ ಕೆರೆಗೆ ಹೂಳು ತುಂಬಿದೆ, ಹೂಳು ತೆಗೆಸಿ ಅಂತ ವರ್ಷಗಟ್ಟಲೆಯಿಂದ ಹೋರಾಟ ನಡೀತಾ ಇದೆ, ಮನವಿ ಕೊಡೋದು ನಡೀತಾ ಇದೆ. ನ್ಯಾಯವಾದ ಬೇಡಿಕೆ. ಆದರೆ ಹೂಳು ಆಕಾಶದಿಂದ ಬಿತ್ತಾ? ಬೋಳಿಸಿದ ಗುಡ್ಡ, ಉತ್ತ ಹೊಲ, ಕ್ಲೀನಾಗಿ ಇಟ್ಟ ತೋಟ, ಎಲ್ಲದರದ್ದೂ ಅದರಲ್ಲಿ ಪಾಲಿದೆ.

ಇನ್ನೂ ಮಜಾ ಇರೋದು ಬೇಸಿಗೇಲಿ. ಬೇರು ಮೇಲೆ ಕಾಣ್ತಿದೆ, ಮರ ಸೊರಗಿದೆ ಅಂತ ತೋಟಕ್ಕೆ ಮಣ್ಣು ಹೊಡೆಸ್ತೀವಿ. ಟಿಪ್ಪರ್ ಲೆಕ್ಕದಲ್ಲಿ. ಆ ಮಣ್ಣು ಎಲ್ಲಿಂದ ಬಂತು? ಯಾವುದೋ ಗುಡ್ಡದ ಮಗ್ಗುಲು ಜೆಸಿಬಿಯಲ್ಲಿ ಕೆರೆದದ್ದು, ಯಾವುದೋ ಗೋಮಾಳದ್ದು, ಇಲ್ಲ ಅದೇ ಕೆರೆಯದ್ದು. ಮಳೆಗಾಲದಲ್ಲಿ ದುಡ್ಡು ಕೊಟ್ಟು ನಮ್ಮ ಮಣ್ಣು ಹೊರಗೆ ಕಳಿಸೋದು, ಬೇಸಿಗೇಲಿ ದುಡ್ಡು ಕೊಟ್ಟು ಇನ್ನೊಬ್ಬರ ಮಣ್ಣು ಒಳಗೆ ತರೋದು. ಎಕ್ಸೆಲ್ ಶೀಟಿನಲ್ಲಿ ಇಪ್ಪತ್ತು ಕಾಲಂ ಇಟ್ಟು ಮ್ಯೂಚುವಲ್ ಫಂಡ್ ಲೆಕ್ಕ ಹಾಕೋ ನಮಗೆ ಈ ಎರಡು ಕಾಲಂ ಯಾಕೆ ಕಾಣಲ್ಲ?

2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನ ಬರಪೀಡಿತ ಅಂತ ಘೋಷಿಸಿದರು. ಮುಂದಿನ ಬೇಸಿಗೆ ನೆನಪಿದೆಯಾ? 2024ರ ಮಾರ್ಚಿನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯೋ ನೀರನ್ನ ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಲಾನುಗಳು ಒಣಗಿದವು, ಜನ ಗೋಳಾಡಿದರು. ಅದೇ ಹೊತ್ತಿಗೆ ಚನ್ನಗಿರಿ ತಾಲ್ಲೂಕಿನಲ್ಲಿ ಕೊಳವೆಬಾವಿ ಬತ್ತಿ, ಅಡಿಕೆ ಉಳಿಸಿಕೊಳ್ಳೋಕೆ ಟ್ಯಾಂಕರ್ ನೀರು ತರಿಸಿ ತೋಟಕ್ಕೆ ಬಿಡ್ತಾ ಇದ್ದರು. ರಸ್ತೆ ತುಂಬ ಟ್ಯಾಂಕರ್ ಸಾಲು. ಸಾಲ ಮಾಡಿ ನೀರು ಕೊಂಡೋರು ಇದ್ದರು. ಮಳೆ ಇಲ್ಲದ್ದಕ್ಕೆ ಯಾರೂ ಜವಾಬ್ದಾರರಲ್ಲ, ಒಪ್ತೀನಿ. ಆದರೆ ಬಿದ್ದಷ್ಟು ಮಳೆಯಾದರೂ ನೆಲದೊಳಗೆ ಇಳಿಯೋಕೆ ಬಿಟ್ಟಿದ್ದೀವಾ? ಹೆಪ್ಪು ಕಟ್ಟಿದ ಬೋಳು ನೆಲದ ಮೇಲೆ ಬಿದ್ದ ನೀರು ತಾಸಿನೊಳಗೆ ಹಳ್ಳ ಸೇರುತ್ತೆ. ಹುಲ್ಲಿನ ಬೇರು ಮಾಡಿದ ದಾರಿಗಳಲ್ಲಿ ಇಳಿದ ನೀರು ಅಲ್ಲೇ ಇರುತ್ತೆ. ಲಾನಿಗೆ ಫೋರ್ಕಿಂದ ಚುಚ್ಚಿ ತೂತು ಮಾಡಿ ಅಂತ ತೋಟಗಾರಿಕೆಯೋರು ಹೇಳ್ತಾರಲ್ಲ, ಆ ಕೆಲಸವನ್ನ ತೋಟದಲ್ಲಿ ಹುಲ್ಲು ಬಿಟ್ಟಿಯಾಗಿ ಮಾಡ್ತಿತ್ತು.

ಇನ್ನು ಕಾನೂನು. ನಮ್ಮ ದೇಶದಲ್ಲಿ ಗ್ಲೈಫೋಸೇಟ್ ನೋಂದಣಿ ಆಗಿರೋದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಅಡಿಕೆಯ ಹೆಸರು ಅದರಲ್ಲಿ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಅಧಿಸೂಚನೆ ಹೊರಡಿಸಿ, ಕೀಟ ನಿಯಂತ್ರಣದ ಲೈಸೆನ್ಸ್ ಇರೋ ನಿರ್ವಾಹಕರನ್ನ ಬಿಟ್ಟು ಬೇರೆ ಯಾರೂ ಇದನ್ನ ಬಳಸಬಾರದು ಅಂತ ಹೇಳಿತು. ಕೇರಳ 2019ರಲ್ಲೇ ನಿಷೇಧ ಮಾಡಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನ ‘ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರುವಂಥದ್ದು’ ಅನ್ನೋ ಪಟ್ಟಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಾಗಲ್ಲ ಅನ್ನುತ್ತೆ. ಆ ಪಂಚಾಯ್ತಿ ಮಾಡೋಕೆ ನಾನು ಹೋಗಲ್ಲ. ನಂಗೆ ಕಣ್ಣಿಗೆ ಕಾಣೋದು ಬೇರೆ: ಬೆನ್ನಿಗೆ ಪಂಪು ಕಟ್ಟಿಕೊಂಡು, ಬರಿಗಾಲಲ್ಲಿ, ಬಾಯಿಗೆ ಟವೆಲ್ ಸುತ್ತಿಕೊಂಡು, ಹೊಡೆದ ಹುಲ್ಲಿನ ಮೇಲೇ ನಡೆದುಕೊಂಡು ಹೋಗೋ ಮನುಷ್ಯ. ಅವನು ನಮ್ಮ ಅಪ್ಪ ಅಲ್ಲ ಅನ್ನೋ ಕಾರಣಕ್ಕೆ ನಮಗೆ ಆ ಮನುಷ್ಯನ ಕಾಲು ಕಾಣಲ್ಲ. ಲಾನಿಗೆ ಅದೇ ಔಷಧಿ ಹೊಡೆಯೋಕೆ ಬಂದರೆ ‘ಮಕ್ಕಳು ಆಡ್ತವೆ, ನಾಯಿ ಓಡಾಡುತ್ತೆ’ ಅಂತ ಸೊಸೈಟಿ ಮೀಟಿಂಗಲ್ಲಿ ಎದ್ದು ನಿಲ್ಲೋರು ನಾವೇ.

ಈಗ ಅಪ್ಪನ ಕಡೆ ವಾದ. ಅದನ್ನ ತಳ್ಳಿ ಹಾಕೋ ಹಕ್ಕು ನಮಗಿಲ್ಲ.

ಆಳು ಸಿಗಲ್ಲ ಅನ್ನೋದು ನಿಜ. ಸಿಗದೇ ಇರೋಕೆ ಕಾರಣವಾದ ಆಳುಗಳಲ್ಲಿ ನಾವೂ ಒಬ್ಬರು ಅನ್ನೋದು ಬೇರೆ ಮಾತು. ಹುಲ್ಲು ಕೊಚ್ಚೋ ಮಷಿನ್ ಬಂದಿದೆ, ಬಾಡಿಗೆಗೂ ಸಿಗುತ್ತೆ. ಔಷಧಿಗಿಂತ ಖರ್ಚು ಹೆಚ್ಚು, ವರ್ಷಕ್ಕೆ ಎರಡು ಮೂರು ಸಲ ಬೇಕು. ಆ ಹೆಚ್ಚಿನ ಖರ್ಚು ಯಾರು ಕೊಡಬೇಕು ಅಂತ ಕೇಳಿದರೆ, ಲಾನ್ ನೋಡಿಕೊಳ್ಳೋಕೆ ಸೊಸೈಟಿಗೆ ತಿಂಗಳಿಗಿಷ್ಟು ಅಂತ ಮಾತಾಡದೆ ಕಟ್ಟೋನು ಕೊಡಬೇಕು.

ಹಾವು. ಇದನ್ನ ನಗರದೋರು ನಗೆಯಾಡ್ತಾರೆ, ನಾನು ನಗಲ್ಲ. ಕೊಳಕುಮಂಡಲ ಇರೋ ಸೀಮೆ ನಮ್ಮದು. ಬೆಳಗಿನ ಜಾವ ಮೋಟರ್ ಹಾಕೋಕೆ ಹೋಗೋ ಅರವತ್ತು ದಾಟಿದ ಮನುಷ್ಯನಿಗೆ ಮೊಣಕಾಲೆತ್ತರದ ಹುಲ್ಲು ಪರಿಸರ ಅಲ್ಲ, ಜೀವಭಯ. ಹಾಗಾಗಿ ಓಡಾಡೋ ದಾರಿ, ಮೋಟರ್ ಮನೆ ಸುತ್ತ, ಗೇಟ್ ವಾಲ್ವ್ ಇರೋ ಕಡೆ ಬುಡಮಟ್ಟ ಕೊಚ್ಚಿಸಿ. ಒಂದು ಜೊತೆ ಗಂಬೂಟು ಕಳಿಸಿ, ಒಳ್ಳೇ ಟಾರ್ಚ್ ಕಳಿಸಿ. ಉಳಿದ ಕಡೆ ಹುಲ್ಲು ಪಾದ ಮುಚ್ಚೋಷ್ಟಿದ್ದರೆ ಸಾಕು, ಮೊಣಕಾಲಿಗೆ ಬರಬೇಕಿಲ್ಲ.

‘ನಾವು ಹಾಕಿದ ಗೊಬ್ಬರ ಹುಲ್ಲೇ ತಿಂದು ಬಿಡುತ್ತೆ’ ಅನ್ನೋದು ಅರ್ಧ ನಿಜ. ಸಣ್ಣ ಸಸಿ ಇರೋ ತೋಟದಲ್ಲಿ ನಿಜ, ಮರದ ಬುಡದಲ್ಲಿ ನಿಜ. ಅಡಿಕೆ ಮರದ ಬೇರಿನಲ್ಲಿ ಹೆಚ್ಚು ಪಾಲು ಬುಡದಿಂದ ಎರಡು ಮೂರು ಅಡಿಯೊಳಗೇ ಇರುತ್ತೆ. ಅಷ್ಟು ಜಾಗ ಕೈಯಲ್ಲಿ ಬಿಡಿಸಿ, ಅಲ್ಲೇ ಸೋಗೆ ಹಾಳೆ ಹೊದಿಸಿ. ಸಾಲುಗಳ ನಡುವಿನ ಜಾಗ ಹುಲ್ಲಿಗೆ ಬಿಡಿ. ಕೊಚ್ಚಿದ ಹುಲ್ಲು ಅಲ್ಲೇ ಬಿದ್ದು ಕೊಳೆತು, ತಿಂದದ್ದನ್ನ ವಾಪಸ್ ಕೊಡುತ್ತೆ. ಔಷಧಿ ಹೊಡೆದು ಕೊಚ್ಚಿ ಹೋದ ಮೇಲ್ಮಣ್ಣಿನ ಜೊತೆ ಹೋದ ಗೊಬ್ಬರ ವಾಪಸ್ ಬರಲ್ಲ. ಹುಲ್ಲು ನೋಡೋಕೇ ಆಗಲ್ಲ ಅನ್ನೋರಿಗೆ ಮುಂಗಾರಿಗೆ ಅಲಸಂದೆಯೋ ಸೆಣಬೋ ಚೆಲ್ಲೋ ದಾರಿ ಇದೆ. ನೆಲ ಮುಚ್ಚೋ ದ್ವಿದಳ ಬಳ್ಳಿಗಳನ್ನ ಅಡಿಕೆ ತೋಟದಲ್ಲಿ ಬೆಳೆಸಿ ಅಂತ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳ್ತಾ ಬಂದಿದೆ, ಇವತ್ತಿನ ಮಾತಲ್ಲ ಇದು.

ಖೇಣಿದಾರ ಒಪ್ಪಲ್ಲ ಅನ್ನೋದು ಚನ್ನಗಿರಿ ಕಡೆಯ ವಿಶೇಷ ತೊಂದರೆ. ತೋಟ ಖೇಣಿ ಹಿಡಿದೋನಿಗೆ ಗೊನೆ ಇಳಿಸಿದಾಗ ಚೆಲ್ಲಿದ ಕಾಯಿ ಕಾಣಬೇಕು, ಅದಕ್ಕೆ ನೆಲ ಬೋಳಾಗಿರಬೇಕು. ಕೊಯ್ಲೂ ಮಳೆಯೂ ಒಟ್ಟೊಟ್ಟಿಗೇ ಬರೋದರಿಂದ ನೆಲ ಬೋಳಾಗಿರೋದೂ ಜೋರು ಮಳೆಯ ತಿಂಗಳುಗಳಲ್ಲೇ. ಕೊಯ್ಲಿಗೆ ಮೂರು ನಾಲ್ಕು ದಿನ ಮುಂಚೆ ಮಷಿನ್ನಲ್ಲಿ ಕೊಚ್ಚಿಸಿಕೊಟ್ಟರೆ ಕಾಯಿ ಕಾಣುತ್ತೆ, ಬೇರು ಉಳಿಯುತ್ತೆ. ಖೇಣಿ ಮಾತಾಡುವಾಗಲೇ ‘ಔಷಧಿ ಹೊಡೆಯಂಗಿಲ್ಲ’ ಅಂತ ಒಂದು ಮಾತು ಸೇರಿಸಬೇಕು. ಐದು ಸಾವಿರ ಕಮ್ಮಿ ಕೊಡ್ತೀನಿ ಅಂದರೆ ಆ ಐದು ಸಾವಿರ ಎರಡು ಟಿಪ್ಪರ್ ಮಣ್ಣಿನ ಎದುರು ಇಟ್ಟು ನೋಡಿ.

ಕೊಳೆ ರೋಗದ ಭಯ ಕೊನೇದು. ಹುಲ್ಲಿದ್ದರೆ ತಂಪು ಹೆಚ್ಚಾಗಿ ಕೊಳೆ ಬರುತ್ತೆ ಅಂತಾರೆ. ಕೊಳೆ ತರೋ ಫೈಟೋಫ್ತೊರಾ ಕಾಯಿ ಹಿಡಿಯೋದು ಮರದ ತುದೀಲಿ, ಬಿಡದೆ ಹೊಯ್ಯೋ ಮಳೆಗೆ. ಅದಕ್ಕೆ ಮದ್ದು ಮಳೆ ಹಿಡಿಯೋ ಮುಂಚೆ ಗೊನೆಗೆ ಹೊಡೆಯೋ ಶೇಕಡಾ 1ರ ಬೋರ್ಡೋ ದ್ರಾವಣ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಸೂರು ಸರ್ಕಾರದಲ್ಲಿದ್ದ ಕೋಲ್ಮನ್ 1910ರ ಹೊತ್ತಿಗೇ ಕೊಳೆ ರೋಗದ ಮೇಲೆ ಬರೆದು ಈ ದಾರಿ ತೋರಿಸಿದ್ದ. ಮತ್ತೆ ಬಿದ್ದ ಕೊಳೆ ಕಾಯಿ ಆರಿಸಿ ಹೊರಗೆ ಹಾಕಬೇಕು, ನೀರು ಬಸಿಯಬೇಕು. ನೆಲದ ಹುಲ್ಲು ಸಾಯಿಸಿದರೆ ನಲವತ್ತು ಅಡಿ ಮೇಲಿನ ಕಾಯಿ ಉಳಿಯಲ್ಲ.

ನೀರು ಬಸಿಯೋದು ಅಂದಾಗ ಹೊನ್ನಾಳಿ, ನ್ಯಾಮತಿ ನೆನಪಾಗುತ್ತೆ. ಭತ್ತದ ಗದ್ದೆ ತೆಗೆದು ಅಡಿಕೆ ಇಟ್ಟ ಕಡೆಯೆಲ್ಲ ಇದೇ ಗೋಳು. ಭತ್ತಕ್ಕೆ ನೀರು ನಿಲ್ಲಬೇಕು ಅಂತಲೇ ತಲೆಮಾರುಗಟ್ಟಲೆ ಕೆಸರು ತುಳಿದು ಗಟ್ಟಿ ಮಾಡಿದ ನೆಲ ಅದು. ಅಲ್ಲಿ ಅಡಿಕೆ ಇಟ್ಟರೆ ಬಸಿಗಾಲುವೆ ಬೇಕೇ ಬೇಕು, ಗಿಡದ ಗುಂಡಿಗಿಂತ ಆಳಕ್ಕೆ. ಆದರೆ ಬಸಿಗಾಲುವೆ ತೆಗೆದ ಜಾಗದಲ್ಲಿ ಇನ್ನೊಂದು ಸಾಲು ಗಿಡ ಹಿಡಿಯುತ್ತಿತ್ತಲ್ಲ ಅನ್ನೋ ಸಂಕಟ ನಮ್ಮ ಜನಕ್ಕೆ. ಇದ್ದ ಕಾಲುವೆಯಲ್ಲೂ ಸೋಗೆ ಬಿದ್ದು ಕಟ್ಟಿಕೊಂಡಿರುತ್ತೆ. ಆಮೇಲೆ ಎಲೆ ಹಳದಿ ಆಯ್ತು ಅಂತ ಗೊಬ್ಬರ ಸುರೀತೀವಿ. ಮೆಕ್ಕೆಜೋಳದಲ್ಲೂ ಇದೇ ಕತೆ. ಮಳೆ ಜೋರಾಗಿ ಜೋಳ ಹಳದಿ ತಿರುಗಿದ ಮಾರನೇ ದಿನವೇ ಯೂರಿಯಾ ಅಂಗಡಿ ಮುಂದೆ ಸಾಲು. 2025ರ ಮುಂಗಾರಲ್ಲಿ ಮಳೆ ಬೇಗ ಬಂದು ರಾಜ್ಯದಲ್ಲಿ ಯೂರಿಯಾಕ್ಕೆ ಎಷ್ಟು ಪರದಾಟ ಆಯ್ತು ಅಂತ ಪೇಪರ್ ಓದಿದೋರಿಗೆ ಗೊತ್ತು. ತಂದ ಗೊಬ್ಬರ ನೀರು ನಿಂತ ಹೊಲಕ್ಕೆ ಹಾಕಿದರೆ, ನಿಮ್ಮ ಲಾನಿನಲ್ಲಿ ಆಗೋದೇ ಅಲ್ಲೂ ಆಗುತ್ತೆ. ಮೊದಲು ನೀರು ಹೊರಗೆ, ಆಮೇಲೆ ಗೊಬ್ಬರ ಒಳಗೆ.

ತುಂಗಭದ್ರೆ ದಂಡೆ ಇನ್ನೂ ಒಂದು ಪಾಠ ಇಟ್ಟುಕೊಂಡಿದೆ. ಮೇಲೆ ಜಲಾಶಯ ತುಂಬಿ ನೀರು ಬಿಟ್ಟಾಗ ಹೊನ್ನಾಳಿಯ ಬಾಲರಾಜ್ ಘಾಟಿಗೆ ಹೊಳೆ ನುಗ್ಗೋದು, ಜನರನ್ನ ಕಾಳಜಿ ಕೇಂದ್ರಕ್ಕೆ ಕಳಿಸೋದು ಮಳೆಗಾಲದ ಮಾಮೂಲಿ ಸುದ್ದಿ ಆಗಿಬಿಟ್ಟಿದೆ. ನೀರು ಇಳಿದ ಮೇಲೆ ದಂಡೆ ನೋಡಿ. ಗರಿಕೆ, ಜೊಂಡು ಇದ್ದ ಕಡೆ ಮಣ್ಣು ಕೂತಿರುತ್ತೆ, ಹುಲ್ಲು ಕೆಸರಿನಡಿ ಮಲಗಿರುತ್ತೆ. ಹದಿನೈದು ದಿನಕ್ಕೆ ಗರಿಕೆ ಆ ಕೆಸರನ್ನೇ ಸೀಳಿಕೊಂಡು ಮೇಲೆ ಬರುತ್ತೆ. ದಂಡೆ ಅಂಚಿನವರೆಗೂ ಉತ್ತು, ಔಷಧಿ ಹೊಡೆದ ಕಡೆ ಮಣ್ಣು ಹೊಳೆ ಪಾಲಾಗಿರುತ್ತೆ, ಒಂದೆರಡು ಸಾಲು ಗಿಡದ ಸಮೇತ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೋಟಿ ಬೆಲೆಯ ವಿಲ್ಲಾಗಳಿಂದ ಜನರನ್ನ ಟ್ರ್ಯಾಕ್ಟರ್‌ನಲ್ಲಿ ಹೊರಗೆ ತಂದರಲ್ಲ, ಅಲ್ಲಿ ನೀರು ಕುಡಿಯೋಕೆ ನೆಲವೇ ಉಳಿದಿರಲಿಲ್ಲ. ಇಲ್ಲಿ ನೆಲ ಇದೆ, ಅದರ ಬಾಯಿ ನಾವು ಮುಚ್ಚಿದೀವಿ.

ನಾಲ್ಕು ತಾಲ್ಲೂಕಲ್ಲಿ ಜಗಳೂರು ಒಂದು ಬೇರೆಯೇ. ಚನ್ನಗಿರಿಯೋರು ಜಗಳೂರು ಅಂದರೆ ‘ಅಲ್ಲೇನೈತೆ, ಬರೀ ಬಯಲು’ ಅಂತಾರೆ. ಇರೋದು ಹುಲ್ಲು. ಮೇ ತಿಂಗಳಲ್ಲಿ ಸುಟ್ಟು ಕರಕಲಾದಂತೆ ಕಾಣೋ ನೆಲ, ಎರಡು ಮಳೆಗೆ ಹಸಿರಾಗುತ್ತೆ. ಯಾರೂ ನೀರು ಹಾಯಿಸಲ್ಲ, ಯಾರೂ ಹಾಸು ತಂದು ಹೊದಿಸಿಲ್ಲ. 2011ರಲ್ಲಿ ರಂಗಯ್ಯನದುರ್ಗದ ಕಾಡನ್ನ ಕೊಂಡುಕುರಿಗಾಗಿ ವನ್ಯಧಾಮ ಅಂತ ಘೋಷಿಸಿದರು. ನಾಲ್ಕು ಕೊಂಬಿನ ಆ ಸಣ್ಣ ಪ್ರಾಣಿ ಬದುಕಿರೋದು ಆ ಕುರುಚಲು ಕಾಡಿನ, ಹುಲ್ಲಿನ ಆಸರೆಯಲ್ಲಿ. ಸುತ್ತಲಿನ ಕುರಿಗಾಹಿಗಳಿಗೆ ಮಳೆ ಆದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಎರೆ ನೆಲ ಹಸಿಯಿದ್ದಾಗ ಮಂದೆಯನ್ನ ಅಲ್ಲಿ ನಿಲ್ಲಿಸಲ್ಲ, ಎತ್ತರದ ಮೊರಡಿಗೆ ಹೊಡಕೊಂಡು ಹೋಗ್ತಾರೆ. ಕುರಿ ಕಾಲು ಕೊಳೆಯುತ್ತೆ ಅನ್ನೋದು ಅವರ ಕಾರಣ. ಅದರ ಜೊತೆಗೆ ಕೆಳಗಿನ ಹುಲ್ಲಿಗೂ ಬಿಡುವು ಸಿಗುತ್ತೆ. ನಾನು ಮೊದಲ ಸಾಲಲ್ಲಿ ಹೇಳಿದ ಮೂರು ದಿನ ಇದೇ.

ಈಗ ಜಗಳೂರಿಗೆ ನೀರು ಬರ್ತಾ ಇದೆ. ತುಂಗಭದ್ರೆಯಿಂದ ಪೈಪಿನಲ್ಲಿ ನೀರು ಎತ್ತಿ 57 ಕೆರೆ ತುಂಬಿಸೋ ಯೋಜನೆ ಆಯ್ತು, ಭದ್ರಾ ಮೇಲ್ದಂಡೆ ಬರುತ್ತೆ ಅಂತ ಕಾಯ್ತಾ ಇದಾರೆ. ದಶಕಗಟ್ಟಲೆ ಬರ ಉಂಡ ಊರು, ನೀರು ಬರಲಿ, ನೂರು ಸಲ ಬರಲಿ. ಆದರೆ ನೀರಿನ ಹಿಂದೆಯೇ ಅಡಿಕೆ ಸಸಿ ಬಂದಿದೆ, ಅಡಿಕೆ ಹಿಂದೆಯೇ ಕ್ಯಾನ್ ಬಂದಿದೆ. ಹೋದ ಸಲ ಆ ಕಡೆ ಹೋದಾಗ ಮೂರು ವರ್ಷದ ಒಂದು ತೋಟ ನೋಡಿದೆ. ತೆಳ್ಳನೆ ಕೆಂಪು ಮಣ್ಣು, ಅರ್ಧ ಅಡಿ ಕೆಳಗೆ ಗರಸು. ಸಸಿ ನಡುವೆ ಒಂದೆಳೆ ಹುಲ್ಲಿಲ್ಲ. ಹಿಂದಿನ ವಾರದ ಮಳೆಗೆ ನೆಲದ ತುಂಬ ಬೆರಳು ಗೀರಿದ ಹಾಗೆ ಕೊರಕಲು ಬಿದ್ದಿತ್ತು. ಬದುವಿನ ಆಚೆ, ಇನ್ನೂ ಯಾರೂ ಕೈ ಹಾಕದ ಹುಲ್ಲಿನಲ್ಲಿ, ಅದೇ ಮಳೆಯ ಒಂದು ಗೆರೆಯೂ ಇರಲಿಲ್ಲ. ತೋಟದ ಯಜಮಾನರು ಒಳ್ಳೇ ಮನುಷ್ಯ, ಎಳನೀರು ಕೊಟ್ಟು ಕೂರಿಸಿದರು. ‘ಚನ್ನಗಿರಿಯೋರು ಹಿಂಗೇ ಮಾಡ್ತಾರಂತಲ್ಲ, ನೋಡ್ಕಂಡು ಬಂದು ಮಾಡೀನಿ’ ಅಂದರು. ತೋಟಕ್ಕೆ ಬಂಡವಾಳ ಹಾಕಿರೋದು ಬೆಂಗಳೂರಲ್ಲಿರೋ ಮಗನಂತೆ. ವೈಟ್‌ಫೀಲ್ಡ್‌ನಲ್ಲಿ ಮನೆ, ‘ಮನೆ ಮುಂದೆ ಏನ್ ಚಂದ ಹುಲ್ಲು ಬೆಳ್ಸವ್ನೆ ಅಂತೀರಾ’ ಅಂತ ಮೊಬೈಲ್ ತೆಗೆದು ಫೋಟೋ ತೋರಿಸಿದರು.